ಹೊಸ ಉಡುಪು, ಹಳೆಯ ಸೂಜಿ

ಕಳೆದ ದೀಪಾವಳಿಗೆ ನನ್ನ ಮಗಳು ಹುಬ್ಬಳ್ಳಿಯ ಅಂಗಡಿಯೊಂದರಿಂದ ಒಂದು ಕುರ್ತಾ ಕೊಂಡು ತಂದಳು. ಕಪ್ಪು ಬಟ್ಟೆ, ಎದೆಯ ಮೇಲೆ ಕೆಂಪು, ಹಸಿರು, ಕಿತ್ತಳೆ ಎಳೆಗಳಲ್ಲಿ ತೇರು, ಗೋಪುರ, ನವಿಲಿನ ಸಾಲು. ಕೊರಳಿಗೆ ತೂಗುಬಿಟ್ಟಿದ್ದ ಚೀಟಿಯಲ್ಲಿ ‘ಕೈಯಿಂದ ಮಾಡಿದ ಧಾರವಾಡ ಕಸೂತಿ’ ಎಂದು ಅಚ್ಚಾಗಿತ್ತು. ಬೆಲೆಯೂ ಆ ಮಾತಿಗೆ ತಕ್ಕಂತೆಯೇ ಇತ್ತು. ಮನೆಯವರೆಲ್ಲರೂ ಮೆಚ್ಚಿದೆವು. ಮೂಲೆಯಲ್ಲಿ ಕುಳಿತಿದ್ದ ನನ್ನ ಸೋದರತ್ತೆ ಮಾತ್ರ ಏನೂ ಅನ್ನಲಿಲ್ಲ. ಅವರಿಗೆ ಈಗ ಎಂಬತ್ತು ದಾಟಿದೆ. “ಇಲ್ಲಿ ಕೊಡವ್ವಾ, ನೋಡೂಣು” ಎಂದು ಕೈಚಾಚಿ ಇಸಿದುಕೊಂಡರು. ತೇರನ್ನೂ ನೋಡಲಿಲ್ಲ, ನವಿಲನ್ನೂ ನೋಡಲಿಲ್ಲ. ಅಂಗಿಯ ಒಳಮೈಯನ್ನು ಹೊರಗೆ ತಿರುವಿ, ಬೆರಳಿನಿಂದ ಸವರಿ, “ಇದಕ್ಕ ಬೆನ್ನ ಇಲ್ಲಲ್ಲವ್ವಾ” ಎಂದು ಮರಳಿ ಕೊಟ್ಟರು.

ಆಗ ನಾವೂ ನೋಡಿದೆವು. ಹೊರಗೆ ಕೆಂಪು ತೇರು. ಒಳಗೆ ಬಿಳಿಯ ದಾರದ ಗೋಜಲು, ಅದರ ಹಿಂದೆ ಕಾಗದದಂತೆ ಬಿರುಸಾದ ಒಂದು ಅಸ್ತರು. ಅದು ಯಂತ್ರದ ಕೆಲಸವಾಗಿತ್ತು. ಅಂಗಡಿಯವರನ್ನು ಕೇಳಿದಾಗ, “ಚಿತ್ತಾರ ಕಸೂತಿದೇ ಅಲ್ಲೇನ್ರೀ ಸರ್? ಯಾರು ಹಾಕಿದರೇನು?” ಎಂದರು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದ ನನಗೆ ಆ ಹೊತ್ತಿನಲ್ಲಿ ತಕ್ಕ ಉತ್ತರ ಬಾಯಿಗೆ ಬರಲಿಲ್ಲ. ಮನೆಗೆ ಬಂದ ಮೇಲೆ ಅತ್ತೆಯವರಲ್ಲಿ ಕೇಳಿ, ನಾಲ್ಕು ಜನ ಬಲ್ಲವರಲ್ಲಿ ವಿಚಾರಿಸಿ, ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಇಂಥ ಒಂದು ಉಡುಪು ಇದ್ದೀತು. ಅಥವಾ ಬರುವ ಹಬ್ಬಕ್ಕೆ ಬಂದೀತು.

ಇತ್ತೀಚೆಗೆ ಉಡುಪಿನ ವಿನ್ಯಾಸ ಮಾಡುವವರು ‘ದೇಶೀಯ ಜ್ಞಾನ’, ‘ಪರಂಪರೆಯ ಮೌಲ್ಯ’ ಎಂಬ ಮಾತುಗಳನ್ನು ಬಹಳವಾಗಿ ಬಳಸುತ್ತಿದ್ದಾರೆ. ಮಾತು ಒಳ್ಳೆಯದೇ. ಆದರೆ ಜ್ಞಾನವೆಂದರೆ ಯಾವುದು? ಅದು ಬಟ್ಟೆಯ ಯಾವ ಭಾಗದಲ್ಲಿ ಇರುತ್ತದೆ? ಮೌಲ್ಯವೆಂಬುದನ್ನು ಕಣ್ಣಿನಿಂದ ಕಾಣಬಹುದೆ, ಕೈಯಿಂದ ಮುಟ್ಟಬಹುದೆ? ನಮ್ಮ ಸೀಮೆಯ ಕಸೂತಿಯನ್ನೇ ಉದಾಹರಣೆಯಾಗಿ ಹಿಡಿದು ನೋಡಿದರೆ ಈ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ಮೊದಲು ಹೆಸರನ್ನು ನೋಡೋಣ. ‘ಕೈ’ ಮತ್ತು ‘ಸೂತಿ’ ಸೇರಿ ಕಸೂತಿಯಾಯಿತೆಂದು, ಎಂದರೆ ಕೈಯಿಂದ ಮಾಡಿದ ನೂಲಿನ ಕೆಲಸವೆಂದು, ಹೇಳುವ ವಾಡಿಕೆಯುಂಟು. ಇಂದಿನ ಕನ್ನಡದಲ್ಲಿ ಬಟ್ಟೆಯ ಮೇಲಿನ ಎಲ್ಲ ಸೂಜಿಕೆಲಸಕ್ಕೂ ಕಸೂತಿಯೆಂದೇ ಅನ್ನುತ್ತೇವೆ. ಆದರೆ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆ ಹಳೆಯ ಹೆಣ್ಣುಮಕ್ಕಳು ಈ ಮಾತನ್ನು ಆಡಿದರೆ ಅದಕ್ಕೆ ಬಿಗಿಯಾದ ಅರ್ಥವಿರುತ್ತದೆ. ಬಟ್ಟೆಯ ಮೇಲೆ ಗೆರೆ ಬರೆಯಬಾರದು. ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕಬಾರದು. ಈ ಮೂರು ಕಟ್ಟಳೆಗಳಿಗೆ ಒಳಗಾದುದೇ ಕಸೂತಿ.

ಎಳೆ ಎಣಿಸಬೇಕಾದರೆ ಎಣಿಸಲು ಬರುವಂಥ ಬಟ್ಟೆ ಬೇಕು. ಅದನ್ನು ಒದಗಿಸಿದ್ದು ಇಳಕಲ್ ಸೀರೆ. ನೇಯ್ಗೆಯಲ್ಲಿ ಉದ್ದಕ್ಕೆ ಹಾಸಿದ ಎಳೆ ಹಾಸು, ಅಡ್ಡ ಹೊಗಿಸಿದ ಎಳೆ ಹೊಕ್ಕು. ‘ಹಾಸುಹೊಕ್ಕು’ ಎಂದು ನಾವು ದಿನವೂ ಆಡುವ ಮಾತು ಮಗ್ಗದಿಂದ ಬಂದದ್ದೇ. ಇಳಕಲ್ ಸೀರೆಯ ಮೈ ನೂಲಿನದು, ಸೆರಗು ರೇಷ್ಮೆಯದು. ಎರಡಕ್ಕೂ ಹಾಸು ಬೇರೆ ಬೇರೆ. ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಕೂಡಿಸುವುದೆಂದೇ ಹೆಸರು. ಇದರಿಂದ ಒಂದು ಸೀರೆಗೆ ಒಂದು ಹಾಸೆಂದು ಅಳತೆ ಮಾಡಿಯೇ ಮಗ್ಗಕ್ಕೆ ಏರಿಸಬೇಕಾಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯ ಎಳೆಯಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ ಮೂಡುತ್ತವೆ. ಇಷ್ಟು ಮಗ್ಗದವರ ಕೆಲಸ. ಸೀರೆ ಮನೆಗೆ ಬಂದ ಮೇಲೆ ಸೆರಗಿನ ಕೆಳಗಿನ ಮೈಯ ಮೇಲೆ ಹೆಣ್ಣುಮಕ್ಕಳ ಸೂಜಿ ಓಡುತ್ತಿತ್ತು. ಸೆರಗಿನ ಹತ್ತಿರ ತೇರು, ಗೋಪುರ, ಅಂಬಾರಿಯ ಆನೆ, ತುಳಸಿಕಟ್ಟೆ ಮುಂತಾದ ದೊಡ್ಡ ಚಿತ್ತಾರಗಳು. ಕೆಳಕ್ಕೆ ಬಂದಂತೆ ಗಿಳಿ, ಹಂಸ, ಹೂವು, ಚುಕ್ಕೆ ಎಂದು ಸಣ್ಣ ಸಣ್ಣವು. ಕೂಸಿನ ಕುಂಚಿಗೆ, ಕುಲಾವಿಗಳ ಮೇಲೆಯೂ ಇದೇ ಕೆಲಸ. ಮದುವೆಯ ಹೆಣ್ಣಿಗೆ ಕೊಡುವ ಸೀರೆಗಳಲ್ಲಿ ಕಪ್ಪು ಬಣ್ಣದ ಚಂದ್ರಕಾಳಿಗೆ ವಿಶೇಷ ಮಾನ. ಕಪ್ಪು ಬಟ್ಟೆಯ ಮೇಲೆ ಕೆಂಪು, ಹಸಿರು, ಕಿತ್ತಳೆ, ನೇರಳೆ ಎಳೆಗಳು ಎದ್ದು ಕಾಣುತ್ತವೆ, ನಿಜ. ಆದರೆ ಕಪ್ಪಿನ ಮೇಲೆ ಕಪ್ಪು ಎಳೆಯನ್ನು ಎಣಿಸುವ ಕಣ್ಣಿನ ಪಾಡನ್ನು ಎಣಿಸಿದವರೇ ಬಲ್ಲರು.

ಇನ್ನು ಹೊಲಿಗೆಗಳು. ಇವು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಮೂರೋ ನಾಲ್ಕೋ ಎಳೆಗಳನ್ನು ಮೇಲೆ ದಾಟಿ, ಅಷ್ಟೇ ಎಳೆಗಳನ್ನು ಕೆಳಗೆ ದಾಟುತ್ತ ಹೋಗುತ್ತದೆ. ಆಗ ಮೇಲೆ ಒಂದು ಗೆರೆ, ಒಂದು ತೆರಪು, ಹಿಂದೆಯೂ ಹಾಗೆಯೇ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಮರಳಿ ಬರುತ್ತ, ಬಿಟ್ಟ ತೆರಪುಗಳನ್ನೆಲ್ಲ ತುಂಬಬೇಕು. ತುಂಬಿದಾಗ ಬಟ್ಟೆಯ ಮುಖದಲ್ಲಿಯೂ ಬೆನ್ನಿನಲ್ಲಿಯೂ ಒಂದೇ ಗೆರೆ ಮೂಡುತ್ತದೆ. ಗವಂತಿ ಎಂಬ ಹೆಸರು ‘ಗಂಟು’ ಎಂಬ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. ಗಂಟನ್ನೇ ಒಲ್ಲದ ಕಲೆಯಲ್ಲಿ ಮೊದಲನೆಯ ಹೊಲಿಗೆಗೆ ಗಂಟಿನ ಹೆಸರು ಬಂದದ್ದು ಭಾಷೆಯ ಒಂದು ಚಮತ್ಕಾರ. ಮುರ್ಗಿಯೂ ಇದೇ ರೀತಿಯದು. ನೇರವಾಗಿ ಹೋಗದೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತ ಹೋಗುತ್ತದೆ. ಇದಕ್ಕೂ ಎರಡು ಮುಖ ಒಂದೇ. ನೇಗಿ ನೇಯ್ಗೆಯನ್ನು ಅನುಕರಿಸುವ ಹೊಲಿಗೆ. ಉದ್ದ ಗಿಡ್ಡ ಎಳೆಗಳನ್ನು ಹಾಕಿ ಮಗ್ಗದಲ್ಲಿಯೇ ನೇಯ್ದಂತೆ ತೋರಿಸುತ್ತದೆ. ಇದರ ಬೆನ್ನು ಮುಖಕ್ಕೆ ವಿರುದ್ಧವಾಗಿರುತ್ತದೆ. ಮುಂದೆ ಬಣ್ಣವಿದ್ದಲ್ಲಿ ಹಿಂದೆ ನೆಲ, ಮುಂದೆ ನೆಲವಿದ್ದಲ್ಲಿ ಹಿಂದೆ ಬಣ್ಣ. ಮೆಂತಿಯೆಂದರೆ ಅಡ್ಡಡ್ಡ ಹಾಯಿಸಿದ ಕತ್ತರಿ ಹೊಲಿಗೆ. ಮೆಂತೆಯ ಕಾಳು ಚೆಲ್ಲಿದಂತೆ ಕಾಣುವುದರಿಂದ ಈ ಹೆಸರು. ಒಳಭಾಗವನ್ನು ತುಂಬಲು ಇದನ್ನು ಬಳಸುತ್ತಾರೆ. ದಾರ ಹೆಚ್ಚು ಹಿಡಿಯುತ್ತದೆ, ಬೆನ್ನು ಬೇರೆಯಾಗಿರುತ್ತದೆ. ಆದುದರಿಂದ ‘ಕಸೂತಿಯೆಲ್ಲ ಎರಡು ಬದಿಗೂ ಒಂದೇ’ ಎಂದು ಸಾರಾಸಗಟಾಗಿ ಹೇಳಿದರೆ ಪೂರ್ತಿ ಸರಿಯಾಗದು. ಗವಂತಿ, ಮುರ್ಗಿಗಳಿಗೆ ಮಾತ್ರ ಆ ಗುಣ. ಆದರೆ ನಾಲ್ಕರಲ್ಲಿ ಯಾವುದೇ ಇರಲಿ, ಬೆನ್ನು ಅಚ್ಚುಕಟ್ಟಾಗಿಯೇ ಇರಬೇಕು. ಗಂಟು, ಗೋಜಲು ಕಾಣಬಾರದು.

ಈಗ ಸ್ವಲ್ಪ ಸೂಕ್ಷ್ಮದ ವಿಷಯಕ್ಕೆ ಬರೋಣ. ಒಂದೇ ಗೆರೆಯಾದರೆ ಹೋಗಿ ಬರುವುದು ಸುಲಭ. ಗೋಪುರದಂಥ ಚಿತ್ತಾರದಲ್ಲಿ ಹತ್ತಾರು ಕವಲುಗಳಿರುತ್ತವೆ. ದಾರವನ್ನು ಕತ್ತರಿಸದೆ, ಗಂಟು ಹಾಕದೆ, ಒಂದು ಹೊಲಿಗೆಯ ಮೇಲೆ ಮತ್ತೊಂದು ಬೀಳದಂತೆ, ಎಲ್ಲ ಕವಲುಗಳನ್ನೂ ಮುಗಿಸಿ ಹೊರಟ ಜಾಗಕ್ಕೆ ಮರಳುವುದು ಹೇಗೆ? ಅತ್ತೆಯವರನ್ನು ಕೇಳಿದೆ. “ಕವಲು ಬಂದರ ಅದರ ತುದೀಗೆ ಹೋಗಿ ತಿರುಗಿ ಬಾ, ಆಮ್ಯಾಲೆ ಮುಂದ ಹೋಗು” ಎಂದರು. ಇಷ್ಟೇ ಉತ್ತರ. ಇದನ್ನು ನಮ್ಮ ಶಾಲೆಯ ಗಣಿತದ ಶಿಕ್ಷಕರ ಮುಂದೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ ನದಿಗೆ ಏಳು ಸೇತುವೆಗಳಿದ್ದವಂತೆ. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಎಲ್ಲವನ್ನೂ ಸುತ್ತಿ ಬರಲು ಸಾಧ್ಯವೆ ಎಂಬ ಪ್ರಶ್ನೆಯನ್ನು ೧೭೩೬ರಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞ ಬಿಡಿಸಿ, ಸಾಧ್ಯವಿಲ್ಲವೆಂದು ತೋರಿಸಿದ. ಆದರೆ ಪ್ರತಿಯೊಂದು ಸೇತುವೆಯನ್ನೂ ಎರಡೆರಡು ಸಲ ದಾಟಬಹುದೆಂದರೆ, ಎಲ್ಲಿಂದ ಹೊರಟರೂ ಎಲ್ಲವನ್ನೂ ಮುಗಿಸಿ ಹೊರಟಲ್ಲಿಗೇ ಬರಬಹುದು. ಗವಂತಿಯಲ್ಲಿ ಪ್ರತಿಯೊಂದು ಹೊಲಿಗೆಯ ಜಾಗವನ್ನೂ ಎರಡು ಸಲ ದಾಟುವುದಷ್ಟೆ: ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ. ಕವಲಿನ ತುದಿಗೆ ಎಷ್ಟು ಹೊಲಿಗೆ ಹೋದೆವೋ ಅಷ್ಟೇ ಹೊಲಿಗೆ ಮರಳಿ ಬರುವುದರಿಂದ ಒಟ್ಟು ಲೆಕ್ಕ ಸಮಸಂಖ್ಯೆಯಾಗುತ್ತದೆ. ಮೇಲೆ-ಕೆಳಗೆ ಎಂಬ ಸರದಿ ತಪ್ಪುವುದಿಲ್ಲ. ಕಾಗದದ ಮೇಲೆ ಒಂದು ಮರ ಬರೆದು ಬೆರಳಿನಿಂದ ಮಾಡಿ ನೋಡಿರಿ, ಮನದಟ್ಟಾಗುತ್ತದೆ. ನನ್ನ ಅತ್ತೆ ಓದಿದ್ದು ನಾಲ್ಕನೆಯ ಇಯತ್ತೆ. ಆಯ್ಲರನ ಹೆಸರು ಅವರಿಗೆ ಗೊತ್ತಿಲ್ಲ. ಆದರೆ ಆ ದಾರಿ ಅವರ ಬೆರಳಿಗೆ ಗೊತ್ತು. ದೇಶೀಯ ಜ್ಞಾನವೆಂದರೆ ಇದು. ಅದು ತೇರಿನ ಆಕಾರದಲ್ಲಿಲ್ಲ. ತೇರಿನ ಸುತ್ತ ಸೂಜಿ ಹಿಡಿದ ದಾರಿಯಲ್ಲಿದೆ.

ಈ ದಾರಿ ನಮ್ಮ ಒಂದೇ ಸೀಮೆಯ ಸೊತ್ತೆಂದು ಹೆಮ್ಮೆಪಡುವಂತಿಲ್ಲ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಹಾನ್ಸ್ ಹಾಲ್ಬೈನ್ ಎಂಬ ಚಿತ್ರಕಾರನಿದ್ದ, ೧೫೪೩ರಲ್ಲಿ ತೀರಿಕೊಂಡ. ಅವನು ಬರೆದ ಚಿತ್ರಗಳಲ್ಲಿ ಶ್ರೀಮಂತರ ಕೊರಳಪಟ್ಟಿ, ಮುಂಗೈಪಟ್ಟಿಗಳ ಮೇಲೆ ಕಪ್ಪು ರೇಷ್ಮೆಯ ಇಂಥದೇ ಹೊಲಿಗೆ ಕಾಣುತ್ತದೆ. ಅದಕ್ಕೆ ಅಲ್ಲಿ ಅವನ ಹೆಸರೇ ನಿಂತಿದೆ. ದೂರದ ಎರಡು ದೇಶಗಳಲ್ಲಿ ಒಂದೇ ಹೊಲಿಗೆ ಬೇಕಾದುದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅವರ ಕೊರಳಪಟ್ಟಿ ಮಡಿಚಿಕೊಂಡರೆ ಒಳಮೈ ಕಾಣುತ್ತದೆ. ನಮ್ಮ ಸೆರಗು ಗಾಳಿಗೆ ತಿರುವಿದರೆ ಬೆನ್ನು ಕಾಣುತ್ತದೆ. ಎರಡು ಮುಖವೂ ಕಾಣುವ ಉಡುಪಿಗೆ ಎರಡು ಮುಖದ ಹೊಲಿಗೆ. ‘ಒಳಗೊಂದು ಹೊರಗೊಂದು’ ಎಂದು ನಮ್ಮಲ್ಲಿ ಮನುಷ್ಯರನ್ನು ಆಡಿಕೊಳ್ಳುತ್ತೇವಲ್ಲವೆ? ನಮ್ಮ ಹೆಣ್ಣುಮಕ್ಕಳು ಬಟ್ಟೆಗೂ ಆ ಮಾತು ಬರಗೊಡಲಿಲ್ಲ. ಮೌಲ್ಯವೆಂಬುದು ಇಲ್ಲಿ ಕೈಗೆ ಸಿಗುತ್ತದೆ.

ಹಾಗಾದರೆ ಯಂತ್ರಕ್ಕೆ ಇದು ಏಕೆ ಆಗದು? ಕೈಯ ಸೂಜಿ ಬಟ್ಟೆಯನ್ನು ಪೂರ್ತಿ ತೂರಿ ಆಚೆಗೆ ಹೋಗುತ್ತದೆ. ದಾರವನ್ನೆಲ್ಲ ಎಳೆದುಕೊಂಡು ಹಿಂದಿನಿಂದ ಮತ್ತೆ ಬರುತ್ತದೆ. ಮುಖದಲ್ಲಿಯೂ ಬೆನ್ನಿನಲ್ಲಿಯೂ ಓಡುವುದು ಒಂದೇ ದಾರ. ಯಂತ್ರದ ಸೂಜಿಗೆ ಕಣ್ಣು ಮೊನೆಯ ಹತ್ತಿರ ಇರುತ್ತದೆ. ಅದು ಬಟ್ಟೆಯ ಕೆಳಗೆ ಒಂದಿಷ್ಟು ಇಳಿದು, ಬಾಬಿನ್ನಿನಿಂದ ಬಂದ ಇನ್ನೊಂದು ದಾರವನ್ನು ಸಿಕ್ಕಿಸಿಕೊಂಡು, ಬಂದ ದಾರಿಯಲ್ಲಿಯೇ ಹೊರಬೀಳುತ್ತದೆ. ಮೇಲಿನದೊಂದು ದಾರ, ಕೆಳಗಿನದೊಂದು ದಾರ. ಬಟ್ಟೆ ಸೊಟ್ಟಗಾಗದಿರಲೆಂದು ಹಿಂದೆ ಬಿರುಸಾದ ಅಸ್ತರು ಬೇರೆ. ಇಂದು ಗಣಕಯಂತ್ರದಿಂದ ನಡೆಯುವ ಹೊಲಿಗೆಯಂತ್ರಗಳು ಯಾವ ಚಿತ್ತಾರವನ್ನಾದರೂ ಗಳಿಗೆಯೊಳಗೆ ಹಾಕುತ್ತವೆ. ಆದರೆ ಎಳೆ ಎಣಿಸುವುದಿಲ್ಲ. ಆದುದರಿಂದಲೇ ಅತ್ತೆ ಬೆನ್ನು ನೋಡಿದರು. ಮುಖವನ್ನು ಯಾರಾದರೂ ಅನುಕರಿಸಬಹುದು. ಬೆನ್ನನ್ನು ಅನುಕರಿಸುವುದು ಕಷ್ಟ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಅಗ್ಗದ ಬೆಲೆಗೆ ಅಂದದ ಉಡುಪು ಬೇಕೆನ್ನುವವರಿಗೆ ಅದು ಸಿಗಲಿ. ಯಂತ್ರದ ಕೆಲಸವೆಂದೇ ಹೇಳಿ ಮಾರಲಿ. ಹೊಸ ಉಡುಪಿನ ಮೇಲೆಯೂ ಹಗೆಯಿಲ್ಲ. ಹಳೆಯದನ್ನು ಹಳೆಯದರಂತೆಯೇ ಇಡಬೇಕೆನ್ನುವವರು ಒಂದು ಮಾತನ್ನು ಮರೆಯುತ್ತಾರೆ. ಇಳಕಲ್ ಸೀರೆಯಲ್ಲಿಯೇ ಕಾಲಕ್ಕೆ ತಕ್ಕಂತೆ ರಾಸಾಯನಿಕ ಬಣ್ಣ ಬಂತು, ಕೃತಕ ರೇಷ್ಮೆ ಬಂತು. ಗುಳೇದಗುಡ್ಡದ ಖಣ ಮೊದಲು ಕುಬಸಕ್ಕೆ ಮಾತ್ರ ಇದ್ದ ಬಟ್ಟೆ. ಈಗ ಅದರಿಂದ ಕುರ್ತಾ, ಚೀಲ, ಸೀರೆ ಕೂಡ ಆಗುತ್ತಿವೆ. ಉಟ್ಟು ಹರಿದ ಸೀರೆಯನ್ನು ನಮ್ಮ ಅವ್ವಂದಿರು ಕೌದಿ ಮಾಡಿ ಹೊಲಿದರು. ಚೂರೂ ಹಾಳುಮಾಡಬಾರದೆಂಬ ಆ ನಡೆಯನ್ನೇ ಇಂದು ಫ್ಯಾಷನ್ನಿನವರು ಹೊಸ ಹೆಸರಿನಿಂದ ಕಲಿಯುತ್ತಿದ್ದಾರೆ. ನಿತ್ಯವೂ ಇಳಕಲ್ ಸೀರೆ ಉಡುವ ಹೆಣ್ಣುಮಕ್ಕಳು ಪಟ್ಟಣಗಳಲ್ಲಿ ಈಗ ಕಡಿಮೆ. ಸೂಜಿ ಉಳಿಯಬೇಕಾದರೆ ಅದಕ್ಕೆ ಹೊಸ ಉಡುಪು ಬೇಕೇ ಬೇಕು.

ಆದರೆ ಹೊಸ ಉಡುಪಿಗೆ ಏನನ್ನು ಒಯ್ಯಬೇಕೆಂಬುದೇ ಪ್ರಶ್ನೆ. ನವಿರಾದ ರೇಷ್ಮೆ, ಜಾರ್ಜೆಟ್ ಬಟ್ಟೆಗಳಲ್ಲಿ ಎಳೆ ಎಣಿಸಲು ಬಾರದು. ಅದಕ್ಕೆ ಕಸೂತಿಯವರೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಮ್ಯಾಟಿಯೆಂಬ ಜಾಳುಜಾಳಾದ ಬಟ್ಟೆಯನ್ನು ಮೇಲೆ ಕಟ್ಟಿ, ಅದರ ಎಳೆಗಳನ್ನು ಎಣಿಸಿ, ಎರಡನ್ನೂ ಕೂಡಿಸಿ ಹೊಲಿದು, ಕೆಲಸ ಮುಗಿದ ಮೇಲೆ ಜಾಳುಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೊಲಿಗೆ ಕೆಳಗಿನ ಬಟ್ಟೆಯ ಮೇಲೆ ಹಾಗೆಯೇ ಉಳಿಯುತ್ತದೆ. ಬಟ್ಟೆ ಬದಲಾಯಿತು, ಎಣಿಕೆ ಉಳಿಯಿತು. ಇದು ಒಪ್ಪತಕ್ಕ ಬದಲಾವಣೆ. ಹಾಗೆಯೇ ಉಡುಪು ಕತ್ತರಿಸುವವರು ಸ್ವಲ್ಪ ವಿವೇಚನೆ ಮಾಡಿದರೆ ಸಾಕು. ಅಸ್ತರು ಹಚ್ಚಿದ ಅಂಗಿಯಲ್ಲಿ ಗವಂತಿಯ ಬೆನ್ನು ಮುಚ್ಚಿಹೋಗುತ್ತದೆ. ಅಲ್ಲಿ ಮೆಂತಿ, ನೇಗಿ ಹಾಕಬಹುದು. ಎರಡು ಮುಖವೂ ಕಾಣುವ ಓಢಣಿ, ಮಡಿಚುವ ತೋಳು, ತೆರೆದ ಕೊರಳಪಟ್ಟಿಗಳಲ್ಲಿ ಗವಂತಿ, ಮುರ್ಗಿಗಳನ್ನು ಹಾಕಿದರೆ ಹೊಲಿಗೆಯ ಗುಣ ಎದ್ದು ಕಾಣುತ್ತದೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜವಳಿ ಮತ್ತು ಉಡುಪು ವಿನ್ಯಾಸವನ್ನು ಕಲಿಸುವ ವಿಭಾಗವಿದೆ. ಅಲ್ಲಿ ಓದುವ ಮಕ್ಕಳು ಮುದ್ರಿತ ಚಿತ್ತಾರದ ಪುಸ್ತಕದೊಡನೆ ಇಂಥ ಅತ್ತೆಯಂದಿರ ಹತ್ತಿರವೂ ಒಂದಿಷ್ಟು ಹೊತ್ತು ಕುಳಿತರೆ ಎಷ್ಟು ಒಳ್ಳೆಯದು!

ಹೀಗೆಲ್ಲ ಹೇಳುವಾಗ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಧಾರವಾಡದಲ್ಲಿ ಮನೆಯಲ್ಲಿಯೇ ಕೂತು ಕಸೂತಿ ಹಾಕುತ್ತಾಳೆ. ನಡುವಿನವರು ಬಟ್ಟೆ, ದಾರ ತಂದುಕೊಟ್ಟು, ಹಾಕಿದ ಮೇಲೆ ಒಯ್ಯುತ್ತಾರೆ. ಒಂದು ನಗಕ್ಕೆ ಇಷ್ಟೆಂದು ಕೂಲಿ. ಇದನ್ನೆಲ್ಲ ಬರೆಯುತ್ತಿದ್ದೇನೆಂದು ಹೇಳಿದಾಗ ಅವಳು ನಕ್ಕಳು. “ಎಣಿಕಿ ಒಂದು ತಪ್ಪಿದರ ಸಾಲಿಗೆ ಸಾಲs ಬಿಚ್ಚಬೇಕ್ರಿ ಸರ್. ಬಿಚ್ಚಿದ ಹೊತ್ತಿಗೆ ಕೂಲಿ ಯಾರು ಕೊಡ್ತಾರ? ರಾತ್ರಿ ಕರೇ ಅರಿವಿ ಮ್ಯಾಲೆ ಎಣಿಸಿ ಎಣಿಸಿ ಕಣ್ಣು ಹೋದುವು. ಮಗಳಿಗೆ ಮಾತ್ರ ನಾ ಕಲಸೂದಿಲ್ರಿ” ಎಂದಳು. ನನ್ನಲ್ಲಿ ಮರುಮಾತಿರಲಿಲ್ಲ. ಆಯ್ಲರನನ್ನು ಹೊಗಳುವುದು ನನಗೆ ಸುಲಭ. ಬಿಚ್ಚಿ ಹಾಕುವ ಕಷ್ಟ ಅವಳದು. ಯಂತ್ರದ ಕುರ್ತಾಕ್ಕೆ ಕೈಕೆಲಸದ ಚೀಟಿ ಹಚ್ಚಿದರೆ ನಷ್ಟ ನನ್ನ ಮಗಳಿಗೆ ಅಷ್ಟಾಗಿ ಇಲ್ಲ. ನಾಲ್ಕು ದುಡ್ಡು ಹೋಯಿತು, ಅಷ್ಟೆ. ನಿಜವಾದ ನಷ್ಟ ಈ ತಾಯಿಗೆ. ಗಳಿಗೆಯ ಕೆಲಸವೂ ತಿಂಗಳ ಕೆಲಸವೂ ಒಂದೇ ಹೆಸರಿನಿಂದ ಮಾರಾಟವಾದರೆ ತಿಂಗಳ ಕೆಲಸಕ್ಕೆ ಬೆಲೆ ಎಲ್ಲಿಂದ ಬಂದೀತು?

ಹೆಸರನ್ನು ಕಾಯುವುದಕ್ಕಾಗಿಯೇ ಒಂದು ಕಾನೂನು ಉಂಟು. ಸರಕುಗಳ ಭೌಗೋಳಿಕ ಸೂಚನೆಗಳ ಕಾಯಿದೆಯನ್ನು ೧೯೯೯ರಲ್ಲಿ ಮಾಡಿ ೨೦೦೩ರ ಸೆಪ್ಟೆಂಬರ್ ೧೫ರಿಂದ ಜಾರಿಗೆ ತಂದರು. ಒಂದು ಊರಿನ ಅಥವಾ ಸೀಮೆಯ ವಿಶಿಷ್ಟ ಸರಕಿನ ಹೆಸರನ್ನು ಬೇರೆಯವರು ಸುಳ್ಳಾಗಿ ಬಳಸಬಾರದೆಂಬುದು ಅದರ ಸಾರ. ನೋಂದಣಿ ಹತ್ತು ವರ್ಷಕ್ಕೆ. ಆಮೇಲೆ ಹೊಸದು ಮಾಡಿಸುತ್ತ ಹೋಗಬಹುದು. ಕಸೂತಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ನವಲಗುಂದದ ಜಮಖಾನೆ ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಇದು ಹೆಸರಿಗೆ ಕೊಟ್ಟ ರಕ್ಷೆ. ತೇರಿನ ಚಿತ್ರವನ್ನು ಯಾರೂ ಬರೆಯಬಾರದೆಂದು ಅದು ಹೇಳುವುದಿಲ್ಲ. ಹೆಸರಿನ ಲಾಭ ಕೆಲಸಗಾರರಿಗೆ ಮುಟ್ಟಬೇಕಾದರೆ ಅವರು ಅಧಿಕೃತ ಬಳಕೆದಾರರೆಂದು ತಮ್ಮ ಹೆಸರನ್ನೂ ಬರೆಸಬೇಕು. ಮನೆಯ ಮೂಲೆಯಲ್ಲಿ ಸೂಜಿ ಹಿಡಿದವಳಿಗೆ ಈ ಸಂಗತಿ ಎಷ್ಟರಮಟ್ಟಿಗೆ ತಿಳಿದೀತು?

ಹೆಸರು ಏಕೆ ಮುಖ್ಯವೆಂಬುದನ್ನು ಇತ್ತೀಚಿನ ಒಂದು ಸಂಗತಿ ಚೆನ್ನಾಗಿ ತೋರಿಸಿತು. ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಎಂಬ ಹೆಸರಾಂತ ಸಂಸ್ಥೆ ಮಿಲಾನ್ ನಗರದ ಪ್ರದರ್ಶನದಲ್ಲಿ ಗಂಡಸರ ಕಾಲಿಗೆ ತೊಡಿಸಿದ ಚಪ್ಪಲಿಗಳು ನಮ್ಮ ಕೊಲ್ಹಾಪುರಿ ಚಪ್ಪಲಿಯ ಪಡಿಯಚ್ಚಿನಂತಿದ್ದವು. ಮೊದಲು ಎಲ್ಲಿಯೂ ಆ ಹೆಸರಿರಲಿಲ್ಲ. ಕೊಲ್ಹಾಪುರಿಯ ನೋಂದಣಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಸೇರಿದ್ದು. ಅಥಣಿಯ ಕಡೆ ಅದನ್ನೇ ನಂಬಿ ಬದುಕುವ ಮನೆಗಳಿವೆ. ಎಲ್ಲ ಕಡೆಯಿಂದ ಆಕ್ಷೇಪಣೆ ಬಂದ ಮೇಲೆ, ಈ ಮಾದರಿ ಭಾರತದ ಕುಶಲಕರ್ಮಿಗಳಿಂದ ಪ್ರೇರಿತವಾದುದೆಂದು ಸಂಸ್ಥೆ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದವನ್ನೂ ಮಾಡಿಕೊಂಡಿತು. ದೂರದ ಮಿಲಾನಿನವರು ಹೆಸರು ಮರೆತರೆಂದು ನಾವು ಸಿಟ್ಟಾದೆವು. ನಮ್ಮ ಊರಿನ ಅಂಗಡಿಯಲ್ಲಿ ಕೆಲಸವಿಲ್ಲದ ಕಸೂತಿಗೆ ಕಸೂತಿಯ ಹೆಸರು ಹಚ್ಚಿದರೆ ಸುಮ್ಮನಿರುತ್ತೇವೆ.

ಇನ್ನೊಂದು ಉದಾಹರಣೆ ನಮ್ಮ ಊರಿನದೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ೧೯೫೭ರ ನವೆಂಬರ್ ೧ರಂದು ಸ್ಥಾಪನೆಯಾದುದು. ಅಲ್ಲಿ ಸಿದ್ಧವಾಗುವ ಖಾದಿಯ ರಾಷ್ಟ್ರಧ್ವಜದ ವಿಷಯ ನಿಮಗೆ ಗೊತ್ತಿರಬಹುದು. ಧ್ವಜದ ಬಟ್ಟೆಗೆ ಎಳೆಗಳ ಲೆಕ್ಕವಿದೆ. ನಡುವಿನ ಅಶೋಕಚಕ್ರ ಎರಡು ಬದಿಗೂ ಪೂರ್ತಿಯಾಗಿ ಕಾಣಬೇಕೆಂಬ ನಿಯಮವಿದೆ. ನಮ್ಮ ಕಸೂತಿಯ ಕಟ್ಟಳೆಗಳನ್ನೇ ಓದಿದಂತೆ ತೋರುತ್ತದೆಯಲ್ಲವೆ? ಮೊದಲು ಕೈಯಿಂದ ನೂತು ಕೈಯಿಂದ ನೇಯ್ದುದೇ ಧ್ವಜವಾಗಬೇಕಿತ್ತು. ೨೦೨೧ರ ಡಿಸೆಂಬರ್ ೩೦ರ ತಿದ್ದುಪಡಿಯಿಂದ ಯಂತ್ರದಲ್ಲಿ ಮಾಡಿದುದಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅವಕಾಶವಾಯಿತು. ಮನೆಮನೆಗೂ ಧ್ವಜ ಮುಟ್ಟಿತೆಂದು ಹಲವರು ಸಂತೋಷಪಟ್ಟರು. ನೂಲುವ, ನೇಯುವ ಹೆಣ್ಣುಮಕ್ಕಳ ಕೆಲಸದ ಗತಿಯೇನೆಂದು ಹಲವರು ಕೇಳಿದರು. ಆಕಾರ ಒಂದೇ ಆದರೆ ಯಾರು ಮಾಡಿದರೇನು ಎಂಬ ಆ ಅಂಗಡಿಯವರ ಪ್ರಶ್ನೆಯೇ ಇಲ್ಲಿಯೂ ನಿಂತಿದೆ.

ಹಾಗಾದರೆ ನಾವು ನೀವು ಮಾಡಬಹುದಾದುದೇನು? ದೊಡ್ಡದೇನಲ್ಲ. ಕಸೂತಿಯೆಂದು ಹೇಳಿ ಮಾರುವ ಬಟ್ಟೆಯನ್ನು ಕೊಳ್ಳುವ ಮೊದಲು ತಿರುವಿ ನೋಡಿರಿ. ಬೆನ್ನಿನಲ್ಲಿ ಬೇರೆ ಬಣ್ಣದ ದಾರವಿದ್ದರೆ, ಬಿರುಸಾದ ಅಸ್ತರಿದ್ದರೆ, ಅದು ಯಂತ್ರದ್ದು. ಬೆನ್ನು ಮಸುಕಾಗಿ, ಬೆರಳಿಗೆ ಎಳೆಯೇ ಹತ್ತದಿದ್ದರೆ ಅಚ್ಚೊತ್ತಿದ್ದು. ಈಗ ಮೇಲೂ ಕೆಳಗೂ ಒಂದೇ ಬಣ್ಣದ ದಾರ ಹಾಕುವ ಯಂತ್ರದ ಕೆಲಸವೂ ಇರುವುದರಿಂದ ಕಣ್ಣೊಂದನ್ನೇ ನಂಬಬೇಡಿರಿ, ಬೆರಳಿನಿಂದ ಸವರಿರಿ. ಕೈಹೊಲಿಗೆ ಬಟ್ಟೆಯೊಡನೆ ಮೆತ್ತಗೆ ಮಡಿಚಿಕೊಳ್ಳುತ್ತದೆ, ಯಂತ್ರದ್ದು ಗಡುಸಾಗಿ ನಿಲ್ಲುತ್ತದೆ. ಗೆರೆಯೊಂದನ್ನು ಹಿಡಿದು ನೋಡಿದರೆ ಪ್ರತಿ ಹೊಲಿಗೆಯೂ ಸಮನಾದ ಎಳೆಗಳನ್ನು ದಾಟಿರಬೇಕು. ಯಾರು ಹಾಕಿದ್ದೆಂದು ಅಂಗಡಿಯವರನ್ನು ಕೇಳಿರಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಹೇಳಲು ಅವರು ಉತ್ತರ ಸಿದ್ಧಮಾಡಿಕೊಂಡಾರು. ನಿಜವಾದ ಕೈಕೆಲಸವಾದರೆ ಬೆಲೆಯಲ್ಲಿ ಚೌಕಾಶಿ ಮಾಡಬೇಡಿರಿ. ಅಲ್ಲಿ ಕಡಿಮೆ ಮಾಡಿಸಿದ ಪ್ರತಿ ರೂಪಾಯಿಯೂ ಕೊನೆಗೆ ಕಡಿತವಾಗುವುದು ಬಿಚ್ಚಿ ಹಾಕುವವಳ ಕೂಲಿಯಲ್ಲಿಯೇ.

ಆ ಕುರ್ತಾವನ್ನು ಮಗಳು ಹಿಂದಿರುಗಿಸಲಿಲ್ಲ, ಉಡುತ್ತಾಳೆ. ಆದರೆ ಭಾನುವಾರಗಳಲ್ಲಿ ಒಂದು ತುಂಡು ಮ್ಯಾಟಿ ಬಟ್ಟೆ ಹಿಡಿದು ಅತ್ತೆಯವರ ಪಕ್ಕದಲ್ಲಿ ಕೂಡತೊಡಗಿದ್ದಾಳೆ. ಮೊನ್ನೆ ಒಂದು ಸಣ್ಣ ಗೋಪುರ ಮುಗಿಸಿ ಬಹಳ ಹಿಗ್ಗಿನಿಂದ ತೋರಿಸಿದಳು. ಮುಖ ಚೆನ್ನಾಗಿಯೇ ಇತ್ತು. ಅತ್ತೆಯವರು ತಿರುವಿ ನೋಡಿದರು. ಮೂರನೆಯ ಮೆಟ್ಟಿಲಿನಲ್ಲಿ ಒಂದು ಎಳೆ ತಪ್ಪಿತ್ತು. “ಬಿಚ್ಚವ್ವಾ” ಎಂದರು. ಬಿಚ್ಚುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಯ ಬೆಲೆಯೆಷ್ಟೆಂದು ನನ್ನ ಹಳೆಯ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಆಗ ಮನೆಯವರೆಲ್ಲರಿಗೂ ಅರ್ಥವಾಯಿತು.